ಸಹಾಯ ಬೇಕು: ವೆಂಟಿಲೇಟರ್‌ಗೆ ಜೋಡಿಸುವ ಮೆಟಬಾಲಿಕ್ ಮಾನಿಟರ್‌ನ ನಿಖರತೆ ಪರೀಕ್ಷೆ

ಬೆಂಗಳೂರಿನಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಆಗಿರುವ ನನಗೆ, ವೆಂಟಿಲೇಟರ್ ಮೇಲಿರುವ ರೋಗಿಗಳ ಆಮ್ಲಜನಕ ಬಳಕೆಯನ್ನೂ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯನ್ನೂ ಅಳೆಯುವ ಮಾನಿಟರೊಂದನ್ನು ಪರೀಕ್ಷಿಸಲು ಅನುಭವಿಗಳ ನೆರವು ಬೇಕಾಗಿದೆ. ಪ್ರಮಾಣಿತ ಅನಿಲದ ಕ್ಯಾಲಿಬ್ರೇಷನ್‌ನಿಂದ ಸೆನ್ಸರ್ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ಹರಿವು, ತೇವಾಂಶ, ವಾಯುಭಾರ ಎಲ್ಲವೂ ಸೇರಿದ ಅಂತಿಮ ಲೆಕ್ಕ ಸರಿಯೇ ಎಂಬುದು ತಿಳಿಯುವುದಿಲ್ಲ.

ಆದ್ದರಿಂದ ಕೃತಕ ಶ್ವಾಸಕೋಶದೊಳಕ್ಕೆ, ಅನಿಲದ ಹರಿವನ್ನು ನಿಖರವಾಗಿ ನಿಯಂತ್ರಿಸುವ ಮಾಸ್ ಫ್ಲೋ ಕಂಟ್ರೋಲರ್‌ಗಳ ಮೂಲಕ ನೈಟ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಹಾಯಿಸುವ ವಿಧಾನವನ್ನು ಆರಿಸಿಕೊಂಡಿದ್ದೇನೆ. ಸೇರಿಸಿದ ನೈಟ್ರೋಜನ್ ಆಮ್ಲಜನಕದ ಪಾಲನ್ನು ತಗ್ಗಿಸುವುದರಿಂದ ಯಂತ್ರಕ್ಕೆ ಅದು ಆಮ್ಲಜನಕದ ಬಳಕೆಯಂತೆ ಕಾಣುತ್ತದೆ. ನೈಟ್ರೋಜನ್ ದೇಹದಲ್ಲಿ ಬಳಕೆಯಾಗದು ಎಂಬ ಆಧಾರದ ಮೇಲೆ ಆಮ್ಲಜನಕದ ಬಳಕೆಯನ್ನು ಲೆಕ್ಕ ಹಾಕುವ ಹಾಲ್ಡೇನ್ ಸೂತ್ರದ ಪ್ರಕಾರ, 40% ಆಮ್ಲಜನಕ ಕೊಡುವಾಗ ನಿಮಿಷಕ್ಕೆ 375 ಮಿ.ಲೀ. ನೈಟ್ರೋಜನ್ ಸೇರಿಸಿದರೆ ಯಂತ್ರವು 250 ಮಿ.ಲೀ. ಬಳಕೆಯನ್ನು ತೋರಿಸಬೇಕು, 60% ಇದ್ದಾಗ ಸುಮಾರು 167 ಮಿ.ಲೀ. ಸೇರಿಸಿದರೂ ಅದೇ ಅಂಕಿ ಬರಬೇಕು. ಅದಕ್ಕಿಂತ ಮೇಲೆ ಸೂತ್ರದ ಛೇದ (1 − ಕೊಡುವ ಆಮ್ಲಜನಕದ ಪಾಲು) ಕುಗ್ಗುತ್ತಾ ಹೋಗಿ ಸೆನ್ಸರ್‌ನ ಅತ್ಯಲ್ಪ ದೋಷವೂ ಹಿಗ್ಗುವುದರಿಂದ, ಅಲ್ಲಿನ ಫಲಿತಾಂಶಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ಮೆಥನಾಲ್ ಉರಿಸಿ 0.67 ಅನುಪಾತ (ಉತ್ಪತ್ತಿಯಾದ ಇಂಗಾಲದ ಡೈಆಕ್ಸೈಡ್ ÷ ಬಳಕೆಯಾದ ಆಮ್ಲಜನಕ) ಬರುವುದೇ ಎಂದು ನೋಡುವ ಹಳೆಯ ಕ್ರಮವೂ ಇದೆ, ಆದರೆ ಆಮ್ಲಜನಕ ಹೆಚ್ಚಿರುವ ಸರ್ಕ್ಯೂಟ್‌ನಲ್ಲಿ ಬೆಂಕಿ ಹೊತ್ತಿಸುವ ಧೈರ್ಯ ನನಗಿಲ್ಲ.

ವೆಂಟಿಲೇಟರ್‌ನ ಬಯಾಸ್ ಫ್ಲೋ (ಉಸಿರುಗಳ ನಡುವೆಯೂ ಕೊಳವೆಗಳಲ್ಲಿ ಹರಿಯುತ್ತಲೇ ಇರುವ ಅನಿಲ) ಹೊರಬರುವ ಗಾಳಿಯನ್ನು ತೆಳುವಾಗಿಸುವುದನ್ನು ನೀವು ಹೇಗೆ ನಿಭಾಯಿಸಿದ್ದೀರಿ? ಒಣ ಅನಿಲದ ಈ ಪರೀಕ್ಷೆಗೆ ಬಿಸಿ ಹ್ಯುಮಿಡಿಫೈಯರ್ ಸೇರಿಸಿದವರು ಯಾರಾದರೂ ಇದ್ದಾರೆಯೇ? ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಯಂತ್ರದೊಳಗಿನ ವಾಯುಭಾರಮಾಪಕವನ್ನು ಯಾವುದರೊಂದಿಗೆ ಹೋಲಿಸಬೇಕೆಂಬುದನ್ನೂ ದಯವಿಟ್ಟು ತಿಳಿಸಿ. ಕ್ಯಾಲಿಬ್ರೇಷನ್ ಪ್ರಮಾಣಪತ್ರವಿರುವ ಎರಡು ಮಾಸ್ ಫ್ಲೋ ಕಂಟ್ರೋಲರ್‌ಗಳು ಕೆಲವು ದಿನಗಳ ಮಟ್ಟಿಗೆ ಎರವಲಾಗಿ ಸಿಕ್ಕರೆ ಬಹಳ ಉಪಕಾರವಾಗುತ್ತದೆ.