ಅಪ್‌ಡೇಟ್: "ಯೇಸು ವಿಷಯ ಎತ್ತಬೇಡ" ಅಂದಿದ್ದ ಗೆಳೆಯ

ಹದಿನೈದು ದಿನದ ಹಿಂದೆ ಇಲ್ಲಿ ನಿಮ್ಮ ಸಲಹೆ ಕೇಳಿದ್ದೆ. ಮಂಡ್ಯದ ನನ್ನ ಬಾಲ್ಯದ ಗೆಳೆಯ "ಇನ್ಮೇಲೆ ಯೇಸು ವಿಷಯ ಎತ್ತಬೇಡ ಕಣೋ" ಅಂತ ಮುಖಕ್ಕೇ ಹೇಳಿಬಿಟ್ಟ, ಇಲ್ಲಿಗೆ ಬಿಟ್ಟುಬಿಡಲಾ ಅಂತ.

ಕರಪತ್ರ ಕೊಟ್ಟು ನೋಡಿದೆ, ಓದದೇ ವಾಪಸ್ ಇಟ್ಟ. ಚರ್ಚಿಗೂ ಬರಲಿಲ್ಲ. ಕಾಲಿನ ಧೂಳು ಜಾಡಿಸಿ ಹೊರಡಿ ಅಂತ ಬೈಬಲಿನ ಮತ್ತಾಯ 10:14 ತೋರಿಸಿದವರ ಮಾತು ಮಾತ್ರ ಒಪ್ಪಲಾಗಲಿಲ್ಲ. ಅದು ಊರೂರು ಸುತ್ತುತ್ತಿದ್ದ ಶಿಷ್ಯರಿಗೆ ಹೇಳಿದ್ದು, ಗೆಳೆಯನ ಕೈಬಿಡೋಕೆ ಅಲ್ಲ ಅಲ್ವಾ?

ಕೆಲಸಕ್ಕೆ ಬಂದಿದ್ದು "ಮೊದಲು ಕ್ಷಮೆ ಕೇಳಿ, ಆಮೇಲೆ ಸುಮ್ನೆ ಜೊತೆಗಿರಿ" ಅಂದವರ ಸಲಹೆ. ಜಾಸ್ತಿ ಒತ್ತಾಯ ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ಹೋದ ವಾರ ಅವನ ಅವ್ವ ಆಸ್ಪತ್ರೆ ಸೇರಿದರು. ಫ್ಲಾಸ್ಕಿನಲ್ಲಿ ರಾಗಿ ಗಂಜಿ ತಗೊಂಡು ಹೋಗಿ, ರಾತ್ರಿಯೆಲ್ಲ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೆ. ದೇವರ ಮಾತು ಎತ್ತಲಿಲ್ಲ. ಬೆಳಗಿನ ಜಾವ ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಅವ್ವಂಗೋಸ್ಕರ ಪ್ರಾರ್ಥನೆ ಮಾಡ್ತೀಯೇನೋ?" ಅಂದ. ನನ್ನ ಗಂಟಲು ಕಟ್ಟಿತು. ಮಾಡಿದೆ.

ಅವನು ನಂಬಿಬಿಟ್ಟ ಅಂತಲ್ಲ. ಈಗ ಅವನೇ ಪ್ರಶ್ನೆ ಕೇಳುತ್ತಾನೆ, ಅಷ್ಟೇ.

ಒಬ್ಬರು ಅಬ್ಬೆ ದ್ಯುಬುವಾ ಬಗ್ಗೆ ಓದಿ ಅಂದಿದ್ದರು. 1799ರ ಯುದ್ಧದ ನಂತರ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ. ಸಿಡುಬಿನ ಲಸಿಕೆ ಹಾಕಿಸಲು ದುಡಿದವರು. ಮತಪ್ರಚಾರ ಫಲಿಸಲಿಲ್ಲ ಅಂತ ನೊಂದು 1823ರಲ್ಲಿ ತಾಯ್ನಾಡಿಗೆ ಮರಳಿದರಂತೆ. ಗಂಜಾಂನಲ್ಲಿ ಅವರ ಚರ್ಚ್ ಇವತ್ತಿಗೂ ಇದೆ. ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಅವ್ವ ಮನೆಗೆ ಬಂದಿದ್ದಾರೆ. ಭಾನುವಾರ ಉಪ್ಸಾರು ಮುದ್ದೆಗೆ ಕರೆದಿದ್ದಾರೆ.