ಇನ್ನೂರ ಅರವತ್ತಾರನೇ ಮಹಡಿ

ಲಿಫ್ಟ್ ಕೆಟ್ಟು ಮೂರು ದಿನವಾಗಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ವಾಮನರಾಯರು ಹೀರೇಕಾಯಿ ಚೀಲ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಶೆಟ್ರು ಏದುಸಿರು ಬಿಡುತ್ತ ಹತ್ತಿ ಬಂದರು.

"ಎಂತ ರಾಯ್ರೆ, ಇಲ್ಲೇ ಕೂತದ್ದು?"

"ಕೂತಿಲ್ರಿ, ಬೇಸ್ ಕ್ಯಾಂಪ್ ಹಾಕೇನಿ. ನಾಲ್ಕನೇ ಮಹಡಿ ಶಿಖರ. ಹವಾ ಛಲೋ ಇದ್ರ ಸಂಜೀ ಒಳಗ ಮುಟ್ಟತೇನಿ."

"ಮೇಂಟೆನೆನ್ಸ್ ಮಾತ್ರ ತಿಂಗಳಿಗೆ ಸರಿಯಾಗಿ ಕೊಡ್ಬೇಕು. ಇವತ್ತು ಕಮಿಟಿಯವ್ರನ್ನು ಬಿಡ್ಲಿಕ್ಕಿಲ್ಲ ಮಾರಾಯ್ರೆ."

ಶೆಟ್ರೂ ಕೂತರು. ಮೇಲಿನಿಂದ ಟಕಟಕ ಸದ್ದು ಮಾಡುತ್ತ ಪ್ರಶಾಂತ ಇಳಿದ. ಎರಡು ಕೈಗೆ ಎರಡು ಕೋಲು, ಬೆನ್ನಿಗೆ ಕಿತ್ತಳೆ ಬಣ್ಣದ ಚೀಲ, ಚೀಲದಿಂದ ಹೊರಟ ನಳಿಗೆ ನೇರ ಬಾಯಿಗೆ. ಹಿಂದೆ ಸುಮಾ.

"ಏನಪಾ, ಸಲಾಯಿನ್ ಹಚ್ಚಿಕೊಂಡೇ ದವಾಖಾನಿಗೆ ಹೊಂಟೀಯೇನು?"

"ಹೈಡ್ರೇಶನ್ ಪ್ಯಾಕ್ ಕಾಕಾ. ಪ್ರಾಕ್ಟೀಸ್ ಮಾಡ್ತಿದೀನಿ. ಬರೋ ಭಾನುವಾರ ಕಳಸೂಬಾಯಿ ಬೆಟ್ಟ, ನಲವತ್ತು ಜನರ ಗ್ರೂಪು. 'ಡೆಸರ್ಟ್ ಚಾಲೆಂಜ್' ಅಂತ."

"ಮೇ ತಿಂಗಳದಾಗ?"

"ಮಳೆಗಾಲದಲ್ಲಿ ಎಲ್ರೂ ಹೋಗ್ತಾರೆ. ಈಗ ಹೋದ್ರೆ ಮರುಭೂಮಿಯ ಬೆಟ್ಟ ಹತ್ತಿದ ಅನುಭವ. ಕಾದ ಕರಿಬಂಡೆ, ಒಣಹುಲ್ಲು, ಹನಿ ನೀರಿರಲ್ಲ."

"ಹನಿ ನೀರಿಲ್ಲದ ಅನುಭವ ಬೇಕಂದ್ರ ಮುಂಜಾನೆ ಎಂಟಕ್ಕ ನಮ್ಮ ನಳದ ಮುಂದ ನಿಂದ್ರು, ಪುಕ್ಕಟ ಸಿಗತದ. ಎಷ್ಟು ಕೊಟ್ಟಿ ಇದಕ್ಕ?"

"1,299."

"ಲಿಫ್ಟ್ ಅದ ಏನು ಅಲ್ಲೆ?"

ಶೆಟ್ರು ಕಿಸಕ್ಕನೆ ನಕ್ಕರು. ರಾಯರು ನಗಲಿಲ್ಲ, ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಕಳಸೂಬಾಯಿ 1,646 ಮೀಟರ್, ಮಹಾರಾಷ್ಟ್ರದಾಗ ಎಲ್ಲಾಕ್ಕಿಂತ ಎತ್ತರ. ಬುಡದಾಗಿನ ಬಾರಿ ಊರಿಂದ ಹಿಡದ್ರ ಸುಮಾರು 800 ಮೀಟರ್ ಏರು. ಮಹಡಿಗೆ ಮೂರು ಮೀಟರ್ ಅಂದ್ರ ಇನ್ನೂರ ಅರವತ್ತಾರು ಮಹಡಿ. ನಾಲ್ಕು ಮಹಡಿಗೆ ಲಿಫ್ಟ್ ಇಲ್ಲಂತ ನಿನ್ನೆ ವಾಟ್ಸಾಪಿನಾಗ ಸಿಟ್ಟಿನ ಗೊಂಬಿ ಹಾಕಿದವ ನೀನs ಹೌದಲ್ಲ?"

"ಅದು ಬೇರೆ ಕಾಕಾ. ಅದು ಸೌಕರ್ಯದ ಪ್ರಶ್ನೆ."

"ರೊಕ್ಕ ಕೊಟ್ಟು ಹತ್ತಿದ್ರ ಅನುಭವ, ಕೊಡದ ಹತ್ತಿದ್ರ ತ್ರಾಸು. ತಿಳೀತು."

ಅಷ್ಟರಲ್ಲಿ ಮನೆಗೆಲಸದ ಮಾವಶಿ ಬಕೆಟ್ಟು ಹಿಡಿದು ಕೆಳಗಿನಿಂದ ಬಂದಳು. ಬೆಳಗಿನಿಂದ ಅವಳದು ಇದು ಐದನೇ ಏರು. ಪ್ರಶಾಂತನ ಕೋಲುಗಳು ದಾರಿಗೆ ಅಡ್ಡವಿದ್ದವು.

"ಸರಿಯೋ ಆ ಕಡೆ!" ಅಂದರು ರಾಯರು. "ಇಳಿಯೋನು ನಿಂತು ಏರೋರಿಗೆ ದಾರಿ ಬಿಡಬೇಕು. ಇಳಿಯೋನು ಯಾವಾಗ ಬೇಕಾದ್ರೂ ಮತ್ತ ಹೊಂಡತಾನ. ಏರೋರ ಲಯ ತಪ್ಪಿದ್ರ ತಪ್ಪೇಹೋತು. ಬೆಟ್ಟದ ಮೊದಲನೇ ಕಾಯದೆ ಇದು. ನಿಮ್ಮ ಗ್ರೂಪಿನಾಗ ಹೇಳಿಲ್ಲೇನು?"

"ಏನು ತರಬೇಕು ಅಂತ ಪಟ್ಟಿ ಕಳಿಸಿದಾರೆ" ಅಂದ ಪ್ರಶಾಂತ.

"ಮಾವಶಿ, ಆಜ್ ಫ್ಯಾನ್ ಪಣ್ ಪುಸೂನ್ ಘ್ಯಾ ಹಾಂ" ಅಂತ ಸುಮಾ ಹಿಂದಿನಿಂದ ಕೂಗಿದಳು. ಇವತ್ತು ಫ್ಯಾನೂ ಒರೆಸಬೇಕಂತೆ. ಮಾವಶಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಪಾತ್ರೆ, ಕಸ ಅಷ್ಟೇ ಅಂತ ಮಾತಾಗಿತ್ತು. ಆದ್ರೂ ಹೇಳಿದ್ದು ಮಾಡ್ತಾಳೆ, ಪಾಪ" ಅಂದಳು ಸುಮಾ.

"ಪಟ್ಟಿ ಓದು" ಅಂದರು ರಾಯರು.

"ನೀರು ತಲೆಗೆ ನಾಲ್ಕು ಲೀಟರ್, ಕಡ್ಡಾಯ."

"ಅದೊಂದು ಖರೇ ಮಾತು. ನಾಲ್ಕು ಲೀಟರ್ ಅಂದ್ರ ನಾಲ್ಕು ಕಿಲೋ. ಮೊನ್ನೆ ನೀರಿನ ಕ್ಯಾನ್ ಹುಡುಗ ನಾಲ್ಕು ಮಹಡಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ್ದಕ್ಕ ಎಷ್ಟೊತ್ತು ಜಗಳಾಡಿದಿರಿ?"

ಸುಮಾ ಗೋಡೆ ನೋಡಿದಳು.

"ಆ ನಳಿಗಿ ಚೀಲ ನಂಬಬ್ಯಾಡ. ಒಳಗ ಎಷ್ಟು ಉಳದದ ಕಾಣೂದಿಲ್ಲ, ಗೊರ್ ಅಂದಾಗನ ತಿಳಿಯೂದು. ಎರಡು ಲೀಟರ್ ಬಾಟಲಿಯಾಗ ಇಡು. ಕಾಲು ತಾಸಿಗೊಮ್ಮೆ ಎರಡು ಗುಟುಕು. ಬರೇ ನೀರು ಕುಡದ್ರೂ ನಡಿಯೂದಿಲ್ಲ. ಬೆವರಿನ ಜೋಡಿ ಉಪ್ಪೂ ಹೋಗಿರತದ, ನೀರಷ್ಟೇ ಸುರುವಿದ್ರ ರಕ್ತದಾಗಿನ ಉಪ್ಪು ತೆಳ್ಳಗಾಗಿ ತಲಿನೋವು, ವಾಂತಿ. ಮಜಾ ಅಂದ್ರ, ನೀರು ಕಮ್ಮಿ ಆದ್ರೂ ಅದs ತಲಿನೋವು. ಅದಕ್ಕ ಚೂಡಾ ತಿನ್ನು, ಓಆರ್‌ಎಸ್ ಪುಡಿ ಕಲಿಸು. ಲೀಟರಿನ ಪೊಟ್ಟಣ ಇದ್ರ ಪೂರಾ ಲೀಟರಿಗೇ, ಅರ್ಧ ಬಾಟಲಿಗೆ ಸುರುವಿ ಶಾಣ್ಯಾ ಆಗಬ್ಯಾಡ. ಅರ್ಧ ನೀರು ಮುಗೀತಂದ್ರ ಶಿಖರ ಕಣ್ಣ ಮುಂದ ಇದ್ರೂ ತಿರುಗಿ ಬಾ."

"ಬೆವರು ಬರದಿದ್ರೆ ಒಳ್ಳೇದಲ್ವಾ ರಾಯ್ರೆ?" ಅಂದರು ಶೆಟ್ರು.

"ಖರೇ ಮರುಭೂಮಿಯಾಗ ಬೆವರು ಬಂದದ್ದೇ ತಿಳಿಯೂದಿಲ್ರಿ, ಒಣ ಗಾಳಿಗೆ ಅಲ್ಲೇ ಆರಿಹೋಗತದ. ಅಂಗಿ ಮ್ಯಾಲ ಬಿಳೀ ಗೀರು ನೋಡಿದಾಗನ ಗೊತ್ತು. ಆದ್ರ ಬಿಸಿಲಾಗ ಹತ್ತುವಾತ ಬೆವರೂದು ನಿಂತು, ಏನೇನೋ ಮಾತಾಡಲಿಕ್ಕೆ ಹತ್ತಿದ್ರ, ನೆಳ್ಳಿಗೆ ಎಳಕೊಂಡು ಹೋಗಿ ನೀರು ಸುರುವಿ ಗಾಳಿ ಹಾಕಬೇಕು, ದವಾಖಾನಿಗೆ ಒಯ್ಯಬೇಕು."

"ಪ್ರಶಾಂತ್ ಮನೇಲೂ ಏನೇನೋ ಮಾತಾಡ್ತಾರೆ. ಗುರ್ತು ಹಿಡಿಯೋದು ಹೇಗೆ?" ಅಂದಳು ಸುಮಾ.

"ಎರಡನೇದು, ಹೊಸ ಶೂ" ಅಂತ ಪ್ರಶಾಂತ ಮುಂದೆ ಓದಿದ.

"ಹೊಸಾದು ಅಂತ ಬರದಾರೇನು? ಶನಿವಾರ ತಗೊಂಡು ಆಯಿತವಾರ ಹಾಕಿದ್ರ ಹಿಮ್ಮಡಿ ಮ್ಯಾಲ ಗುಳ್ಳಿ. ಈ ಎಂಟು ದಿನ ಅದನ್ನs ಹಾಕ್ಕೊಂಡು ಕಾಯಿಪಲ್ಯಾ ತರಲಿಕ್ಕೆ ಹೋಗು. ಉಗುರು ಕತ್ತರಿಸು. ಇಳಿಯುವಾಗ ಬೆರಳು ಮುಂದಿನ ಗ್ವಾಡಿಗೆ ಬಡದು ಉಗುರು ಕರ್ರಗಾಗತಾವ, ಅದಕ್ಕ ಇಳಿಯೂ ಮೊದಲ ಲಾಡಿ ಬಿಗೀಬೇಕು. ಕೋಲು ಏರುವಾಗ ಗಿಡ್ಡ, ಇಳಿಯುವಾಗ ಐದಾರು ಸೆಂಟಿಮೀಟರ್ ಉದ್ದ. ನೀ ಎರಡೂ ಉಲ್ಟಾ ಹಿಡದೀ."

ಪ್ರಶಾಂತ ಕೋಲು ಮಡಚಿ ಕಂಕುಳಿಗೆ ಸೇರಿಸಿದ.

"ಮ್ಯಾಲ ಘಸಾರಾ ಇರತದ. ಸಣ್ಣ ಸಣ್ಣ ಕಲ್ಲು, ಕಾಲಿಟ್ಟ ಕೂಡಲೇ ಜಾರತದ. ಬ್ಯಾಸಿಗ್ಯಾಗ ಒಣಹುಲ್ಲೂ ಎಣ್ಣಿ ಹಚ್ಚಿಧಂಗ. ಒಬ್ಬರ ಕೆಳಗ ಒಬ್ಬರು ನೆಟ್ಟಗ ನಿಂದ್ರಬಾರದು. ಕಲ್ಲು ಉರುಳಿದ್ರ 'ದಗಡ್' ಅಂತ ಜೋರ ಒದರಬೇಕು. ಕೆಳಗಿನವರು ತಲಿ ಮುಚಗೊಂಡು ಬಂಡಿಗೆ ಅಂಟಬೇಕು. ಮ್ಯಾಲ ನೋಡಬಾರದು. ನಿಮ್ಮ ಮಂದಿ ಮಾತ್ರ ನೋಡತಾರ, ಮೊಬೈಲೂ ಎತ್ತತಾರ."

"ಏಣಿ ಉಂಟಲ್ಲ ಅಲ್ಲಿ?" ಅಂದರು ಶೆಟ್ರು.

"ಕಬ್ಬಿಣದ ಏಣಿ. ಹನ್ನೊಂದರ ಮ್ಯಾಲ ಹಿಡದ್ರ ದ್ವಾಸಿ ತವಾ. ಅದಕ್ಕs ಬಲ್ಲವರು ರಾತ್ರಿ ಕೊನೀ ಕಸಾರಾ ಲೋಕಲ್ ಟ್ರೇನ್ ಹಿಡದು, ಅಲ್ಲಿಂದ ಜೀಪಿನಾಗ ಬಾರಿಗೆ ಹೋಗಿ, ಕತ್ತಲಿದ್ದಾಗನ ಬ್ಯಾಟರಿ ಹಚ್ಚಿ ಏರತಾರ. ಬಿಸಿಲು ಏರೂದರಾಗ ಇಳಿದಿರತಾರ. ನಲವತ್ತು ಮಂದಿ ಅಂದ್ರ? ತಲಿಗೊಂದು ನಿಮಿಷ ಅಂದ್ರೂ ಒಂದೊಂದು ಏಣಿ ಮುಂದ ನಲವತ್ತು ನಿಮಿಷ ಪಾಳಿ. ನಮ್ಮ ಲಿಫ್ಟಿನ ಮುಂದ ನಾಲ್ಕು ಮಂದಿ ಇದ್ರ ನಿಲ್ಲೂದಿಲ್ಲ ನೀವು."

"ಗ್ರೂಪಲ್ಲಿ ಹೋದ್ರೆ ಧೈರ್ಯ ಕಾಕಾ. ಮುಂದೆ ಒಬ್ಬ ಲೀಡ್, ಹಿಂದೆ ಒಬ್ಬ ಸ್ವೀಪ್."

"ಆ ಧೈರ್ಯ ಯಾರಿಗೆ ಅಂತ ಕೇಳು. ಮುಂದಿನವರು ದಡದಡ ಏರಿ ನೆಳ್ಳಾಗ ಕೂತು ಹದಿನೈದು ನಿಮಿಷ ಆರಾಮ ಮಾಡತಾರ. ಹಿಂದಿನ ದಢೂತಿ ಮನಶ್ಯಾ ಪಾಪ ತೇಕುತ್ತ ಬಂದು ಮುಟ್ಟಿದ ಅಂದ್ರ 'ಹಾಂ, ಎಲ್ಲಾರೂ ಬಂದ್ರು, ನಡೀರಿ' ಅಂತ ಎದ್ದು ಹೊಂಡತಾರ. ಎಲ್ಲಾರಕಿಂತ ದಣದವಗ ದಿನಪೂರ್ತಿ ಒಂದು ನಿಮಿಷ ಕೂಡಲಿಕ್ಕೆ ಸಿಗೂದಿಲ್ಲ. ಮೆಲ್ಲಗ ನಡಿಯೋನ್ನ ಮುಂದ ಹಾಕಬೇಕಪಾ, ಅವನ ಹೆಜ್ಜೀನ ಗ್ರೂಪಿನ ಹೆಜ್ಜಿ."

"ನಮ್ಮ ಸಂಸಾರದಲ್ಲಿ ಆ ದಢೂತಿ ನಾನೇ ಕಾಕಾ" ಅಂದಳು ಸುಮಾ. "ಅಡುಗೆ ಮುಗಿಸಿ ಬಂದು ಕೂರೋಹೊತ್ತಿಗೆ ಎಲ್ರೂ ಮಲಗೋಕೆ ಏಳ್ತಾರೆ."

ಇದಕ್ಕೆ ಯಾರೂ ಏನೂ ಅನ್ನಲಿಲ್ಲ. ಪ್ರಶಾಂತ ಮಾತು ಬದಲಿಸಿದ. "ಮುಂದಿನ ವರ್ಷ ಈಜಿಪ್ತಿನ ಸಿನಾಯ್. ಅದು ನಿಜವಾದ ಮರುಭೂಮಿ, 2,285 ಮೀಟರ್."

"ಹೋಗು. ಅಲ್ಲೆ ಒಂಟಿ ಸಿಗತದ. ಆದ್ರ ತುದಿಗೆ 750 ಮೆಟ್ಟಲಾ ಉಳದಾಗ ಒಂಟಿ ನಿಂತುಬಿಡತದ, ಮುಂದ ನಿನ್ನ ಕಾಲೇ. 1,299 ಕೊಟ್ಟಿಲ್ಲ ನೋಡು, ಅದಕ್ಕ ಬುದ್ಧಿ ಜಾಗಾದಾಗ ಅದ."

"ಮ್ಯಾಲ ಹೋಗಿ ಎಂತ ಮಾಡುದು ಹೇಳಿ" ಅಂದರು ಶೆಟ್ರು. "ಕಳಸೂಬಾಯಿಯಲ್ಲಿ?"

"ಸಣ್ಣ ಗುಡಿ ಅದ. ಕುಂಕುಮ ಹಚ್ಚಿದ ದೇವಿ. ನವರಾತ್ರಿಗೆ ಜಾತ್ರಿ."

"ಯಾವ ದೇವಿ?"

ರಾಯರು ಹೀರೇಕಾಯಿಯನ್ನು ಚೀಲದೊಳಗೆ ಒತ್ತಿ ಕೂರಿಸಿದರು. "ಕಳಸೂ ಅಂತ ಒಬ್ಬಾಕಿ ಹುಡುಗಿ ಅಂತ. ಮನೀಗೆಲಸಕ್ಕ ಇದ್ದಳಂತ ಪಾಟೀಲರ ಮನ್ಯಾಗ. ಒಪ್ಪಿಕೊಂಡ ಕೆಲಸ ಬಿಟ್ಟು ಬ್ಯಾರೆ ಹೇಳಬಾರದು ಅಂತ ಮೊದಲs ಕರಾರು ಮಾಡಿಕೊಂಡಿದ್ದಳು. ಒಂದು ದಿನ ಹೇಳಿದ್ರು. ಜಗಳಾಡಲಿಲ್ಲ, ಪಗಾರ ಕೇಳಲಿಲ್ಲ. ಬೆಟ್ಟ ಏರಿಬಿಟ್ಟಳು."

"ಆಮೇಲೆ?" ಅಂದಳು ಸುಮಾ.

"ಆಮ್ಯಾಲೆ ಏನು? ಅಲ್ಲೇ ಇದ್ದಾಳ. ಇಳೀಲಿಲ್ಲ. ಆಕಿ ಕೆಲಸ ಬಿಟ್ಟು ಏರಿದ್ದು. ನಾವು ಸೋಮವಾರದ ಮೀಟಿಂಗ್ ತಲ್ಯಾಗಿಟ್ಟುಕೊಂಡು ಏರತೇವಿ, ನಾಕು ಫೋಟೋ ಹೊಡದು ಆಕೀಗೆ ಕೈ ಮುಗದು ಇಳದು ಬರತೇವಿ."

ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಪ್ರಶಾಂತನ ಬೆನ್ನಿನ ಚೀಲದಲ್ಲಿ ನೀರು ಗುಳುಗುಳು ಅಂದಿತು.

ಕೆಳಗಿನಿಂದ ಬಕೆಟ್ಟಿನ ಸದ್ದು ಕೇಳಿತು. ಮಾವಶಿ ಯಾವಾಗ ಇಳಿದು ಹೋಗಿದ್ದಳೋ ಯಾರೂ ನೋಡಿರಲಿಲ್ಲ. ಆರನೇ ಸಲ ಹತ್ತಿ ಬರುತ್ತಿದ್ದಳು. ಶೆಟ್ರು ಕಾಲು ಮಡಚಿದರು, ರಾಯರು ಚೀಲ ಎಳೆದುಕೊಂಡರು, ಪ್ರಶಾಂತ ಕೋಲುಸಮೇತ ಗೋಡೆಗೆ ಅಂಟಿ ನಿಂತ.

ಸುಮಾಳ ಮುಂದೆ ಬಂದಾಗ ಮಾವಶಿ ಒಂದು ಕ್ಷಣ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ತಾಯಿ, ಫ್ಯಾನ್ ಆಧೀ ಪುಸೂ ಕೀ ಭಾಂಡೀ ಆಧೀ?" ಫ್ಯಾನ್ ಮೊದಲು ಒರೆಸಲೋ, ಪಾತ್ರೆ ಮೊದಲೋ ಅಂತ.

"ನಕೋ ನಕೋ!" ಸುಮಾ ಎದ್ದೇ ನಿಂತಳು. "ಫ್ಯಾನ್ ನಕೋ ಮಾವಶಿ. ಫ್ಯಾನ್ ಹೇ ಪುಸತೀಲ್." ಇವರೇ ಒರೆಸ್ತಾರೆ ಅಂತ ಅವಳ ಬೆರಳು ಪ್ರಶಾಂತನ ಕಡೆಗಿತ್ತು.