ಪದಚರ್ಚೆ: ವಾಟ್ಲಿಯವರ ‘ಕ್ಲಬ್’ಗೆ ‘ವರ್ತನೆ’ ಎಂದರೆ ನಡೆದೀತೇ?

ಬಳಗದವರಿಗೆ ನಮಸ್ಕಾರ.

ಕೃಷಿ ಮಾಸಿಕವೊಂದಕ್ಕೆ ಬೂಕರ್ ಟಿ. ವಾಟ್ಲಿ ಅವರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಬಳಿ ಕೈ ನಿಂತಿದೆ. ನಿಘಂಟುಗಳನ್ನು ನೋಡಿಯಾಗಿದೆ, ಬೇಕಾಗಿರುವುದು ನಿಮ್ಮ ಊರಿನ ಬಳಕೆ.

ಹೆಸರು ಕೇಳದವರಿಗಾಗಿ ಒಂದಿಷ್ಟು ಹಿನ್ನೆಲೆ. ವಾಟ್ಲಿ 1915ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಆಫ್ರಿಕನ್ ಅಮೆರಿಕನ್ ತೋಟಗಾರಿಕಾ ವಿಜ್ಞಾನಿ. ಹಿಂದೆ ಹೆಸರಾಂತ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ದುಡಿದಿದ್ದ, ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿಯೇ ಇವರೂ ಪ್ರಾಧ್ಯಾಪಕರಾಗಿದ್ದರು. ಗೆಣಸು ಮತ್ತು ಮಸ್ಕಡೈನ್ ದ್ರಾಕ್ಷಿಯ ತಳಿಗಳ ಮೇಲೆ ಕೆಲಸ ಮಾಡಿದರು. 2005ರಲ್ಲಿ ತೀರಿಕೊಂಡರು. 1920ರ ಸುಮಾರಿಗೆ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ವಾಟ್ಲಿ ಪಾಠ ಹೇಳುವ ಕಾಲಕ್ಕೆ ಅವರಲ್ಲಿ ಬಹುಪಾಲು ಜನರ ಬೇಸಾಯ ಮುಗಿದುಹೋಗಿತ್ತು. ಉಳಿದ ಸಣ್ಣ ರೈತನಾದರೂ ನೆಲ ಬಿಡದಂತೆ ಏನು ಮಾಡಬೇಕು ಎಂಬುದಕ್ಕೆ ಅವರು ಹತ್ತು ಕಟ್ಟಳೆಗಳನ್ನು ಬರೆದರು. ವರ್ಷವಿಡೀ ದಿನವೂ ಹಣ ಬರುವಂತೆ ಹಲವು ಬೆಳೆಗಳನ್ನು ಹೊಂದಿಸಬೇಕು. ಹನಿ ನೀರಾವರಿ ಇರಬೇಕು. ಕನಿಷ್ಠ 50,000 ಜನರಿರುವ ಪಟ್ಟಣಕ್ಕೆ 40 ಮೈಲಿಯೊಳಗೆ, ಗಟ್ಟಿ ರಸ್ತೆಯ ಪಕ್ಕದಲ್ಲಿ ತೋಟವಿರಬೇಕು. 25 ಎಕರೆಯಲ್ಲಿ ಒಂದು ಲಕ್ಷ ಡಾಲರ್ ಗಳಿಸುವುದು ಹೇಗೆಂದು ಹೇಳುವ ಅವರ ಕೈಪಿಡಿ 1987ರಲ್ಲಿ ಬಂತು.

ಈಗ ಮೊದಲ ತೊಡಕು. ಕಟ್ಟಳೆಗಳ ಜೀವಾಳವೆಂದರೆ ಅವರು ‘ಕ್ಲೈಂಟೆಲ್ ಮೆಂಬರ್‌ಶಿಪ್ ಕ್ಲಬ್’ ಎಂದು ಕರೆದ ಏರ್ಪಾಡು. ಪಟ್ಟಣದ ಮನೆಗಳು ವರ್ಷಕ್ಕಿಷ್ಟೆಂದು ಮುಂಗಡವಾಗಿ ಶುಲ್ಕ ಕಟ್ಟಿ ತೋಟಕ್ಕೆ ಸೇರುತ್ತವೆ. ಆಮೇಲೆ ತಾವೇ ಬಂದು, ಅಂಗಡಿಗಿಂತ ಕಡಿಮೆ ಬೆಲೆಗೆ, ಬೇಕಾದ್ದನ್ನು ಕೊಯ್ದು ಒಯ್ಯುತ್ತವೆ. ಬಿತ್ತುವ ಮೊದಲೇ ರೈತನಿಗೆ ಗಿರಾಕಿ ಯಾರೆಂದು ಗೊತ್ತು. ಇದಕ್ಕೆ ‘ಗ್ರಾಹಕ ಸದಸ್ಯತ್ವ ಸಂಘ’ ಎಂದು ಬರೆದು ನೋಡಿದೆ. ಸಹಕಾರಿ ಇಲಾಖೆಯ ಸುತ್ತೋಲೆಯ ಹಾಗೆ ಕಂಡಿತು. ಗಿರಾಕಿಗಳು ಮುಂಗಡ ಕೊಟ್ಟು ತೋಟವನ್ನು ನಡೆಸುವ ಇಂಥದ್ದೇ ಏರ್ಪಾಡಿಗೆ ‘ಸಮುದಾಯ ಬೆಂಬಲಿತ ಕೃಷಿ’ ಎಂಬುದು ಈಗಾಗಲೇ ಚಲಾವಣೆಯಲ್ಲಿದೆ, ಆದರೆ ಆ ಹೆಸರಿನ ತೋಟಗಳು ಅಮೆರಿಕದಲ್ಲಿ ಶುರುವಾದದ್ದು 1986ರಲ್ಲಿ. ವಾಟ್ಲಿ ಅದಕ್ಕೂ ಮೊದಲೇ ಕ್ಲಬ್ಬಿನ ಮಾತು ಆಡುತ್ತಿದ್ದವರು. ಮೊದಲು ಹೇಳಿದವರಿಗೆ ಆಮೇಲಿನವರ ಹೆಸರನ್ನು ತೊಡಿಸಲು ನನಗೆ ಮನಸ್ಸಿಲ್ಲ.

ಹಾಗಾಗಿ ನನ್ನ ಒಲವು ‘ವರ್ತನೆ’ಯ ಕಡೆಗೆ. ನಡತೆ ಎಂಬ ಅರ್ಥದ ವರ್ತನೆಯಲ್ಲ. ‘ಹಾಲಿನ ವರ್ತನೆ’, ‘ಹೂವಿನ ವರ್ತನೆ’ ಎಂದು ಹಳೆಯ ಮೈಸೂರಿನ ಕಡೆ ಹೇಳುವ ವರ್ತನೆ. ಇಂಥ ಮನೆಗೆ ದಿನಾ ಇಷ್ಟು ಎಂದು ಗೊತ್ತುಮಾಡಿಕೊಂಡ ಪೂರೈಕೆ. ಮಾರುವವರಿಗೂ ಕೊಳ್ಳುವವರಿಗೂ ನಡುವೆ ಮೂರನೆಯವರಿಲ್ಲ, ಇಬ್ಬರಿಗೂ ಮುಖಪರಿಚಯವಿದೆ. ಆದರೆ ಎರಡು ಅಂಶಗಳು ತಲೆಕೆಳಗಾಗುತ್ತವೆ. ವರ್ತನೆಯ ಹೂವು ನಮ್ಮ ಬಾಗಿಲಿಗೆ ಬರುತ್ತದೆ. ವಾಟ್ಲಿಯವರ ಗಿರಾಕಿ ತೋಟಕ್ಕೆ ಹೋಗಬೇಕು. ವರ್ತನೆಯ ಲೆಕ್ಕ ಸಾಮಾನ್ಯವಾಗಿ ತಿಂಗಳ ಕೊನೆಗೆ ತೀರುತ್ತದೆ, ಅಂದರೆ ನಂಬಿ ಕಾಯುವವಳು ಹೂವಾಡಗಿತ್ತಿ. ಕ್ಲಬ್ಬಿನಲ್ಲಿ ನಂಬಿ ಮೊದಲು ಹಣ ಕೊಡುವವನು ಗಿರಾಕಿ. ಇಡೀ ಏರ್ಪಾಡಿನ ಜಾಣತನ ಇರುವುದೇ ಈ ಎರಡನೆಯದರಲ್ಲಿ. ‘ಮುಂಗಡ ವರ್ತನೆ’ ಎಂದರೆ ಅದು ಹಿಡಿಯುತ್ತದೆಯೇ? ನಿಮ್ಮ ಕಡೆ ಮುಂಗಡ ಕೊಟ್ಟು ಮಾಡಿಕೊಂಡ ಏರ್ಪಾಡಿಗೂ ವರ್ತನೆ ಎನ್ನುವುದುಂಟೇ? ಉತ್ತರ ಕರ್ನಾಟಕದವರು ಇಂಥದ್ದಕ್ಕೆ ಯಾವ ಮಾತು ಬಳಸುತ್ತೀರಿ?

ಗೆಳೆಯರೊಬ್ಬರು ‘ಆಯ’ ಎನ್ನಿ ಎಂದರು. ನನಗೆ ಒಪ್ಪಿಗೆಯಿಲ್ಲ. ಊರಿನ ಕೆಲಸ ಮಾಡಿಕೊಡುತ್ತಿದ್ದ ಆಯಗಾರನಿಗೆ ಕಾಳು ಸಿಗುತ್ತಿದ್ದದ್ದು ಸುಗ್ಗಿಯಾದ ಮೇಲೆ ಕಣದಲ್ಲಿ, ಅದೂ ಹುಟ್ಟಿದ ಜಾತಿಗೆ ಕಟ್ಟುಬಿದ್ದು. ಜನಾಂಗದ ಹೆಸರಿನಲ್ಲಿ ಬೇರೆಯವರ ಹೊಲದಲ್ಲಿ ಕಟ್ಟುಬಿದ್ದವರ ಮೊಮ್ಮಕ್ಕಳಿಗಾಗಿ ಬರೆದ ಯೋಜನೆಗೆ ಆ ಪದ ಅಂಟಿಸುವುದು ತೀರಾ ವಿಪರೀತ.

ಎರಡನೆಯ ತೊಡಕು ‘ಪಿಕ್ ಯುವರ್ ಓನ್’, ಅಂದರೆ ಗಿರಾಕಿಗಳು ತಾವೇ ಕೊಯ್ದು ಒಯ್ಯುವ ಪದ್ಧತಿ. ‘ಸ್ವಯಂ ಕಟಾವು’ ಎಂದರೆ ಯಂತ್ರವೊಂದು ತಾನೇ ಕೊಯ್ದಂತಾಗುತ್ತದೆ. ಕನ್ನಡದಲ್ಲಿ ಬೆಳೆಗೊಂದು ಕ್ರಿಯಾಪದ: ಅಡಿಕೆ ಕೊಯ್ಯುತ್ತೇವೆ, ಹತ್ತಿ ಬಿಡಿಸುತ್ತೇವೆ, ಸೊಪ್ಪು ಕೀಳುತ್ತೇವೆ, ಗೆಣಸು ಅಗೆಯುತ್ತೇವೆ. ‘ತಮಗಾಗಿ’ ಎಂಬರ್ಥ ಬರಲು ‘ಕೊಳ್ಳು’ ಸೇರಿಸಿದರೆ ತಮಾಷೆ ಶುರು. ಬಿಡಿಸಿಕೊಂಡರೆ ಅಡವಿಟ್ಟ ಒಡವೆ ನೆನಪಾಗುತ್ತದೆ, ಕಿತ್ತುಕೊಂಡರೆ ಜಗಳ. ಕೊನೆಗೆ ಉಳಿದದ್ದು ‘ಕೊಯ್ದುಕೊಳ್ಳುವ ತೋಟ’. ಕೂಡಿಸಿ ಬರೆದರೆ ತಾನೇ ಕೊಯ್ಯುವುದು, ಬಿಡಿಸಿ ಬರೆದರೆ ಕೊಯ್ದು ಕೊಂಡುಕೊಳ್ಳುವುದು. ಎರಡೂ ಇಲ್ಲಿ ನಿಜ. ಗೆಣಸಿಗೆ ಮಾತ್ರ ಹೊಂದುವುದಿಲ್ಲ, ಅದೇ ವಾಟ್ಲಿಯವರ ಮೆಚ್ಚಿನ ಬೆಳೆ! ಇದಕ್ಕಿಂತ ಅಗಲವಾದ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ನಡುವೆ ಒಂದು ಸಣ್ಣ ವಿಷಯ. ಮಧ್ಯವರ್ತಿಗಳನ್ನು ಪ್ಲೇಗಿನಂತೆ ದೂರವಿಡಿ ಎನ್ನುವಾಗ ವಾಟ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಹೆಸರಿಸಿ ಬೈಯುತ್ತಾರೆ. ‘ದಲ್ಲಾಳಿ’ ಎಂದರೆ ಇಬ್ಬರೂ ಒಂದೇ ಪದದಲ್ಲಿ ಬಂದುಬಿಡುತ್ತಾರೆ, ಚೇಷ್ಟೆ ಹೋಗುತ್ತದೆ. ಹೋದರೆ ಹೋಗಲಿ ಎಂದು ಬಿಟ್ಟಿದ್ದೇನೆ.

ನಿಜವಾಗಿ ಕಾಡುತ್ತಿರುವುದು ‘ಸಣ್ಣ ರೈತ’. ನಮ್ಮ ಕೃಷಿ ಗಣತಿಯಲ್ಲಿ ಒಂದು ಹೆಕ್ಟೇರಿನೊಳಗಿದ್ದರೆ ಅತಿ ಸಣ್ಣ, ಒಂದರಿಂದ ಎರಡು ಹೆಕ್ಟೇರಾದರೆ ಸಣ್ಣ ಹಿಡುವಳಿ. ಹತ್ತು ಹೆಕ್ಟೇರು ಮುಟ್ಟಿದರೆ ದೊಡ್ಡದು. ವಾಟ್ಲಿಯವರ 25 ಎಕರೆ ಎಂದರೆ ಹತ್ತು ಹೆಕ್ಟೇರಿಗೆ ತುಸು ಮೇಲೆ. ‘25 ಎಕರೆಯ ಸಣ್ಣ ರೈತ’ ಎಂದು ಅಚ್ಚಾದರೆ ಎರಡೆಕರೆಯ ಓದುಗ ಪುಟ ಮಗುಚಿ ಮುಂದೆ ಹೋಗುತ್ತಾನೆ, ಹೋಗುವುದು ಸರಿಯೇ. ‘ಕಿರುಬೇಸಾಯ’ ಎಂದು ಬರೆದು ಪ್ರಮಾಣದ ಮಾತನ್ನು ತಪ್ಪಿಸಿಕೊಳ್ಳಬಹುದು. ಅಥವಾ ‘ಅಮೆರಿಕದ ಲೆಕ್ಕದಲ್ಲಿ ಸಣ್ಣ’ ಎಂದು ಮೊದಲ ಬಾರಿ ಬಂದಲ್ಲಿ ನೇರವಾಗಿ ಹೇಳಿ, ಮುಂದೆ ‘ಸಣ್ಣ ರೈತ’ ಎಂದೇ ಬಳಸಬಹುದು. ನಾನು ಎರಡನೆಯದರ ಪರ. ಸಂಪಾದಕರು ಮೊದಲನೆಯದರ ಪರ. ನೀವು ಯಾವ ಕಡೆ?